ನುಂಗುತ್ತಿದ್ದವಳು ಅಗಿಯಲು ಕಲಿತದ್ದು

ಮನೆಯಲ್ಲಿದ್ದ ತೂಕದ ಮಿಷನ್ನಿನ ಮುಳ್ಳು ಕೊನೆಯ ಗೆರೆ ಮುಟ್ಟಿ ಅಲ್ಲೇ ನಿಂತುಬಿಟ್ಟ ಮೇಲೆ, ಒಂದು ಭಾನುವಾರ ನಾನು ನಮ್ಮ ಶೆಡ್ಡಿನಲ್ಲಿ ಎರಕದ ಸಾಮಾನು ತೂಗುವ ಕಾಟಾದ ಮೇಲೆ ಹತ್ತಿ ನಿಂತೆ. ಭಾನುವಾರ ಯಾಕೆಂದರೆ ಅವತ್ತು ಕೆಲಸದವರು ಇರುವುದಿಲ್ಲ. ನಮ್ಮ ಯಜಮಾನರು ಬಾಗಿಲಲ್ಲಿ ಕಾವಲು ನಿಂತಿದ್ದರು. ಯಾರಾದರೂ ಬಂದರೆ ಕೆಮ್ಮಬೇಕು ಅಂತ ಮಾತಾಗಿತ್ತು. ಕಾಟಾ ನೂರಾ ಇಪ್ಪತ್ತೊಂದು ಕೆಜಿ ತೋರಿಸಿತು. ಎಷ್ಟು ಬಂತು ಅಂತ ಅವರು ಕೇಳಲಿಲ್ಲ. ನಾನು ಇಳಿದು ಬಂದಾಗ ನನ್ನ ಮುಖ ನೋಡಿ, “ಚಪ್ಪಲಿ ಬಿಚ್ಚಿದ್ಯಾ?” ಅಂದರು.

“ಬಿಚ್ಚಿದ್ದೆ.”

“ಹಂಗಾದ್ರೆ ಸೀರೆ ಭಾರ ಇರ್ಬೇಕು ಬಿಡು,” ಅಂದರು. ಇಬ್ಬರೂ ನಕ್ಕೆವು. ಆಮೇಲೆ ಅಲ್ಲೇ ಕಬ್ಬಿಣದ ರಾಶಿಯ ಪಕ್ಕದ ಬೆಂಚಿನ ಮೇಲೆ ಕೂತು ನಾನು ಅತ್ತೆ. ಆಗ ನನಗೆ ನಲವತ್ತೊಂದು ವರ್ಷ.

ನಮ್ಮದು ತುಮಕೂರು ರಸ್ತೆಯ ಮಾಕಳಿ. ನಾನು ಮದುವೆಯಾಗಿ ಬಂದಾಗ ಮನೆಯ ಹಿಂದೆ ರಾಗಿ ಹೊಲ ಇತ್ತು. ಆಮೇಲೆ ಹೊಲ ಹೋಗಿ ಶೆಡ್ಡುಗಳಾದವು, ಶೆಡ್ಡುಗಳಿಗೆ ಸಣ್ಣ ಸಣ್ಣ ಕಾರ್ಖಾನೆಯವರು ಬಾಡಿಗೆಗೆ ಬಂದರು. ಅಲ್ಲಿನ ಕೆಲಸಗಾರರು ಮಧ್ಯಾಹ್ನ ಬನ್ನು, ಟೀಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದನ್ನು ನೋಡಲಾಗದೆ ನಾನು ಒಂದು ಪಾತ್ರೆ ಸಾರು, ಒಂದಿಷ್ಟು ಮುದ್ದೆ ಮಾಡಿ ಕೊಡಲು ಶುರು ಮಾಡಿದೆ. ಅದೇ ಬೆಳೆದು ರಸ್ತೆ ಕಡೆಗೆ ಬಾಗಿಲಿರುವ ಊಟದ ಮನೆಯಾಯಿತು. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ವಾರಕ್ಕೆರಡು ಸಲ ಬಾಡು, ಕುರಿಯದೋ ಕೋಳಿಯದೋ. ಬಾಗಲಕೋಟೆ ಕಡೆಯ ಕೆಲಸಗಾರರು ಬರಲು ಶುರುವಾದ ಮೇಲೆ ಜೋಳದ ರೊಟ್ಟಿಯೂ ಸೇರಿತು. ರೊಟ್ಟಿ ತಟ್ಟಲು ಆ ಕಡೆಯವಳೇ ಆದ ಯಲ್ಲವ್ವ ಬಂದಳು. ಅವಳ ಗಂಡ ಪಕ್ಕದ ಶೆಡ್ಡಿನಲ್ಲೇ ಕೆಲಸಕ್ಕಿದ್ದ.

ನಾನು ತುಂಬಾ ತಿನ್ನುತ್ತಿದ್ದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ತಟ್ಟೆ ಹಾಕಿಕೊಂಡು ಕೂತು ಉಂಡ ದಿನಗಳೇ ಕಮ್ಮಿ. ಬೆಳಿಗ್ಗೆಯಿಂದ ಉಪ್ಪು ನೋಡುವುದು, ಹುಳಿ ನೋಡುವುದು, ಬೋಂಡ ಬೆಂದಿದೆಯಾ ಅಂತ ಒಂದು ಬಾಯಿಗೆ ಹಾಕಿಕೊಳ್ಳುವುದು. ಎಲ್ಲರದೂ ಆದ ಮೇಲೆ ಪಾತ್ರೆ ತೊಳೆಯುವ ಮುಂಚೆ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ಮುಗಿಸುವುದು. ಅನ್ನ ಚೆಲ್ಲಬಾರದು ಅಂತ ಹೇಳಿಕೊಟ್ಟ ಮನೆಯಲ್ಲಿ ಬೆಳೆದವಳು ನಾನು. ಕೊನೆಗೆ ಎಲ್ಲ ಪಾತ್ರೆಯಲ್ಲಿ ಉಳಿದದ್ದೂ ನನ್ನ ಹೊಟ್ಟೆಗೇ ಬರುತ್ತಿತ್ತು.

ಕಡಿಮೆ ಮಾಡಲು ಪ್ರಯತ್ನ ಪಡಲಿಲ್ಲ ಅಂತಲ್ಲ. ಬೆಳಿಗ್ಗೆ ಹೆದ್ದಾರಿ ಪಕ್ಕ ವಾಕಿಂಗ್ ಹೋದೆ, ಮಂಡಿ ಊದಿ ನಿಂತಿತು. ಯಾರೋ ಕೊಟ್ಟ ಗಿಡಮೂಲಿಕೆ ಪುಡಿ ಕುಡಿದೆ, ಭೇದಿಯಾಗಿ ನಿಂತಿತು. ರಾತ್ರಿ ಊಟ ಬಿಟ್ಟೆ, ಹತ್ತು ಕೆಜಿ ಇಳಿಯಿತು. ಹಬ್ಬಗಳು ಬಂದವು, ಹನ್ನೆರಡು ಏರಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು, ಬಿ.ಪಿ. ಬಂದಿತ್ತು. ಹಗಲು ಹೊತ್ತಿನಲ್ಲಿ ಎಲ್ಲೆಂದರಲ್ಲಿ ತೂಕಡಿಕೆ. ಒಂದು ಮಧ್ಯಾಹ್ನ ಒಲೆ ಮುಂದೆ ಸ್ಟೂಲಿನ ಮೇಲೆ ಕೂತಿದ್ದವಳು ಹಾಗೇ ನಿದ್ದೆ ಹೋಗಿ ಸೆರಗಿನ ತುದಿಗೆ ಬೆಂಕಿ ತಗುಲಿತು. ಯಲ್ಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಸೆರಗು ಎಳೆದು ಹೊಸಕಿ ಆರಿಸಿದಳು. “ಅಕ್ಕಾರ, ಹಿಂಗಾದ್ರ ಹೆಂಗ್ರೀ?” ಅಂತ ಅವಳು ಕೂಗುತ್ತಿದ್ದಳು. ನಾನು ಮಾತ್ರ ನಿದ್ದೆಗಣ್ಣಲ್ಲೇ ಇದ್ದೆ. ಅದು ನನ್ನನ್ನು ನಿಜವಾಗಿ ಹೆದರಿಸಿತು.

ಟಿ. ದಾಸರಹಳ್ಳಿಯಲ್ಲಿ ನಾನು ಶುಗರ್‌ಗೆ ತೋರಿಸುತ್ತಿದ್ದ ಡಾಕ್ಟರು ಅದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು. “ಮಂಜುಳಮ್ಮ, ಇನ್ನು ನಾನು ಮಾತ್ರೆ ಜಾಸ್ತಿ ಮಾಡ್ತಾ ಹೋಗ್ಬಹುದು ಅಷ್ಟೆ. ತೂಕ ಇಳಿಸೋ ಆಪರೇಷನ್ ಬಗ್ಗೆ ಒಂದ್ಸಲ ಕೇಳ್ಕೊಂಡು ಬನ್ನಿ. ಕೇಳೋದಕ್ಕೇನೂ ಕುಯ್ಯಲ್ಲ,” ಅಂದರು.

ಆಪರೇಷನ್ ಅಂದರೆ ಸಿನಿಮಾದವರು ಚೆಂದ ಕಾಣಲು ಮಾಡಿಸಿಕೊಳ್ಳುವುದು ಅಂತ ನಾನು ತಿಳಿದಿದ್ದೆ. ಮನೆಗೆ ಬಂದು ಹೇಳಿದಾಗ ನನ್ನ ಅತ್ತೆ ರಾಗಿ ಕೇರುವುದನ್ನು ನಿಲ್ಲಿಸಿದರು.

“ದೇವ್ರು ಕೊಟ್ಟಿರೋ ಒಟ್ಟೇನ ಕುಯ್ಯುಸ್ಕತ್ತೀಯ? ನಮ್ ಕಾಲ್ದಾಗೆ ಒಟ್ಟೆಗಿಲ್ದೆ ಸಾಯ್ತಿದ್ರು. ಈಗ ಒಟ್ಟೇನೇ ಬ್ಯಾಡ ಅಂತ ಆಸ್ಪತ್ರೆಗೋಯ್ತಾರೆ! ಒಂದು ಮುದ್ದೆ ಉಣ್ಣೋ ಕಡೆ ಅರ್ಧ ಉಣ್ಣು, ಆಗೋಯ್ತು.”

ಅವರು ಹೇಳಿದ್ದನ್ನೇ ನಾನೂ ನನಗೆ ಎಷ್ಟೋ ವರ್ಷ ಹೇಳಿಕೊಂಡಿದ್ದೆ. ನನ್ನ ಮಗಳು ಚೈತ್ರ ಆಗ ಡಿಗ್ರಿ ಓದುತ್ತಿದ್ದಳು. ಅವಳು ಮೊಬೈಲಿಂದ ತಲೆ ಎತ್ತಿ, “ಅಜ್ಜಿ, ಅರ್ಧ ತಿನ್ನೋಕೆ ಆಗಿದ್ದಿದ್ರೆ ಅಮ್ಮ ತಿಂತಿರ್ಲಿಲ್ವಾ?” ಅಂದಳು. ಅಷ್ಟು ಹೇಳಿ ಮತ್ತೆ ಮೊಬೈಲು ನೋಡಿದಳು. ನನಗೆ ಆ ಮಾತು ಆಸರೆಯಂತೆ ಸಿಕ್ಕಿತು.

ಆಸ್ಪತ್ರೆ ಸಿಟಿಯ ಒಳಗಿತ್ತು. ನಾಗಸಂದ್ರಕ್ಕೆ ಮೆಟ್ರೋ ಹೊಸದಾಗಿ ಬಂದಿತ್ತು, ಅದರಲ್ಲೇ ಹೋದೆವು. ಟೋಕನ್ ಮುಟ್ಟಿಸಿದರೆ ತೆರೆಯುವ ಗೇಟು ಇರುತ್ತದಲ್ಲ, ಅದರಲ್ಲಿ ನಾನು ತೂರಲಾರೆ ಅಂತ ದೂರದಿಂದಲೇ ಗೊತ್ತಾಯಿತು. ಅಲ್ಲಿ ನಿಂತಿದ್ದ ಸೆಕ್ಯುರಿಟಿ ಹೆಂಗಸು ನನ್ನನ್ನು ಒಂದು ಸಲ ನೋಡಿ, ಗಾಲಿಕುರ್ಚಿಯವರಿಗೆ ಇಟ್ಟಿದ್ದ ಅಗಲದ ಗೇಟು ತೆರೆದುಕೊಟ್ಟಳು. “ಬನ್ನಿ ಅಕ್ಕ, ಈ ಕಡೆ ಗಾಳಿ ಬರುತ್ತೆ,” ಅಂದಳು.

ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನಗೆ ಮೊದಲು ಕಂಡದ್ದು ಕುರ್ಚಿಗಳು. ಕೈ ಇಲ್ಲದ ಅಗಲವಾದ ಕುರ್ಚಿಗಳು. ಎಲ್ಲಿ ಹೋದರೂ ಕುರ್ಚಿಯ ಕೈ ಸೊಂಟಕ್ಕೆ ಒತ್ತಿ ಗುರುತು ಬೀಳುತ್ತಿದ್ದವಳಿಗೆ, ಇಲ್ಲಿ ಯಾರೋ ನಾವು ಬರುತ್ತೇವೆ ಅಂತ ಯೋಚನೆ ಮಾಡಿದ್ದಾರೆ ಅನ್ನಿಸಿತು. ಅರ್ಧ ಭಯ ಅಲ್ಲೇ ಇಳಿಯಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ವೈಟ್‌ಫೀಲ್ಡಿನ ಯಾವುದೋ ಕಂಪನಿಯಲ್ಲಿ ಮ್ಯಾನೇಜರು. ಶರ್ಮಿಳಾ ಅಂತ ಹೆಸರು. ಅವರು ಎಷ್ಟೋ ವರ್ಷದ ಹಿಂದೆ ಬ್ಯಾಂಡ್ ಹಾಕಿಸಿಕೊಂಡಿದ್ದರಂತೆ, ಅಂದರೆ ಹೊಟ್ಟೆಯ ಮೇಲ್ಭಾಗಕ್ಕೆ ಲಂಗದ ಲಾಡಿ ಬಿಗಿದ ಹಾಗೆ ಒಂದು ಪಟ್ಟಿ. “ಆವಾಗ ಅದೇ ಫ್ಯಾಷನ್ನು. ಕುಯ್ಯೋದೇ ಇಲ್ಲ, ಬೇಡ ಅಂದ್ರೆ ತೆಗೆಸ್ಬಹುದು ಅಂದ್ರು. ನನಗೆ ಆ ಮಾತೇ ಇಷ್ಟ ಆಯ್ತು,” ಅಂದರು. “ಆದ್ರೆ ಬಿಗಿ ಮಾಡಿಸೋಕೆ, ಸಡಿಲ ಮಾಡಿಸೋಕೆ ಅಂತ ಓಡಾಡಿ ಓಡಾಡಿ ಸಾಕಾಯ್ತು. ಚಪಾತಿ ಸಿಕ್ಕಿಹಾಕ್ಕೊಳುತ್ತೆ, ಐಸ್‌ಕ್ರೀಮ್ ಆರಾಮಾಗಿ ಇಳಿಯುತ್ತೆ. ನಾನು ಐಸ್‌ಕ್ರೀಮ್ ತಿಂದೆ. ಈಗ ಅದು ಜಾರಿದೆ, ತೆಗೆಸ್ತಾ ಇದೀನಿ.”

ಎದುರಿಗೆ ಕೂತಿದ್ದ ಗಟ್ಟಿ ಧ್ವನಿಯ ಒಬ್ಬರು, ಲಾರಿ ಟ್ರಾನ್ಸ್‌ಪೋರ್ಟ್ ನಡೆಸುವವರು, ಮಧ್ಯೆ ಬಾಯಿ ಹಾಕಿದರು. “ಅಕ್ಕ, ಸ್ಲೀವ್ ಮಾಡಿಸ್ಕೊಳ್ಳಿ. ನಂದು ಅದೇ. ಹೊಟ್ಟೆ ಕತ್ತರಿಸಿ ಬಾಳೆಕಾಯಿ ಥರ ಮಾಡ್ಬಿಡ್ತಾರೆ, ಅಷ್ಟೆ. ನಲವತ್ತು ಕೆಜಿ ಹೋಯ್ತು. ನನ್ನ ಹಳೇ ಪ್ಯಾಂಟಲ್ಲಿ ಈಗ ನಾನು, ನನ್ನ ತಮ್ಮ ಇಬ್ರೂ ಹಿಡೀತೀವಿ.” ಅವರು ಪ್ಯಾಂಟಿನ ಫೋಟೋ ಸಹ ತೋರಿಸಿದರು. ನಿಜವಾಗಿಯೂ ಇಬ್ಬರೂ ಅದರೊಳಗೆ ನಿಂತು ನಗುತ್ತಿದ್ದರು.

ಒಳಗೆ ಹೋಗುವ ಮುಂಚೆಯೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಸ್ಲೀವ್. ಕತ್ತರಿಸಿ ಹೊಲಿಯುವುದು ನನಗೆ ಅರ್ಥವಾಗುತ್ತದೆ, ಅಗಲವಾದ ರವಿಕೆ ಹಿಡಿಸಿದ ಹಾಗೆ. ಬೈಪಾಸ್ ಅಂದರೆ ಕರುಳಿನ ದಾರಿಯನ್ನೇ ತಿರುಗಿಸಿ ಬೇರೆ ಕಡೆ ಜೋಡಿಸುತ್ತಾರಂತೆ ಅಂತ ಚೈತ್ರ ಓದಿ ಹೇಳಿದ್ದಳು. ಅದು ಬೇಡವೇ ಬೇಡ ಅಂದುಕೊಂಡಿದ್ದೆ.

ಸರ್ಜನ್ನು ಸಣ್ಣಗೆ ಮಾತಾಡುವ ಮನುಷ್ಯ. ನನ್ನನ್ನು ಎಲ್ಲ ಕೇಳಿದ ಮೇಲೆ ಯಜಮಾನರ ಕಡೆ ತಿರುಗಿ, “ಮಲಗಿದಾಗ ಇವರು ಹೇಗಿರ್ತಾರೆ ಸಾರ್?” ಅಂದರು.

ಗೊರಕೆ ಹೊಡೀತಾಳೆ ಅಂತ ಹೇಳುತ್ತಾರೆ ಅಂದುಕೊಂಡು ನಾನು ನಾಚಿಕೊಂಡೆ. ಅವರು ಹೇಳಿದ್ದು ಬೇರೆಯೇ: “ಉಸಿರು ನಿಂತೋಗುತ್ತೆ ಸಾರ್. ನಾನು ಎಣಿಸ್ತಾ ಇರ್ತೀನಿ. ಬರ್ಲಿಲ್ಲ ಅಂದ್ರೆ ಭುಜ ತಟ್ತೀನಿ, ಆಮೇಲೆ ಬರುತ್ತೆ.”

“ಎಷ್ಟು ದಿನದಿಂದ?”

“ನಾಕೈದು ವರ್ಷ ಆಯ್ತು.”

ನಾನು ಅವರ ಮುಖ ನೋಡಿದೆ. ನಮ್ಮ ಯಜಮಾನರು ರಾಮಾಂಜಿ ಅಂದರೆ ಊಟವಾದ ಮೇಲೆ ಎಲ್ಲೆಂದರಲ್ಲಿ ಕಣ್ಣು ಮುಚ್ಚುವ ಸೋಮಾರಿ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಗೇಲಿ ಮಾಡುತ್ತಿದ್ದೆವು, ನಾನೂ ಸೇರಿ. ಅವರು ರಾತ್ರಿಯೆಲ್ಲ ನನ್ನ ಉಸಿರು ಎಣಿಸುತ್ತಾ ಎಚ್ಚರವಾಗಿರುತ್ತಿದ್ದರು. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ?” ಅಂದೆ, ಡಾಕ್ಟರ ಮುಂದೆಯೇ.

“ಹೇಳಿದ್ರೆ ನೀನೂ ನಿದ್ದೆ ಬಿಡ್ತಿದ್ದೆ,” ಅಂದರು.

ಆಪರೇಷನ್ ಮಾಡಿಸಿಕೊಳ್ಳುವುದು ಅಂತ ನಾನು ಒಪ್ಪಿದ್ದು ಆ ಕ್ಷಣದಲ್ಲಿ. ಯಾವ ಆಪರೇಷನ್ ಅನ್ನುವುದು ಇನ್ನೂ ಬಾಕಿ ಇತ್ತು.

ಬಾಯಿಂದ ಸಣ್ಣ ಕ್ಯಾಮೆರಾ ಇಳಿಸಿ ಹೊಟ್ಟೆ ನೋಡಿದರು. ಅದರಲ್ಲಿ ನನ್ನ ಅನ್ನನಾಳದ ತುದಿ ಹುಳಿಯಿಂದ ಸುಟ್ಟು ಕೆಂಪಗಾಗಿದೆ ಅಂತ ಗೊತ್ತಾಯಿತು. ಎದೆಯುರಿ ನನಗೆ ಹಳೆಯ ಗೆಳತಿ, ಅದನ್ನು ಕಾಯಿಲೆ ಅಂತಲೇ ಲೆಕ್ಕ ಹಿಡಿದಿರಲಿಲ್ಲ. ಎರಡು ದಿಂಬು ಇಟ್ಟು ಒರಗಿ ಮಲಗುವುದು, ಸೋಡಾ ಕುಡಿಯುವುದು, ಅಷ್ಟೆ. ಡಾಕ್ಟರು ಹೇಳಿದರು, “ಸ್ಲೀವ್ ಕೆಟ್ಟದ್ದಲ್ಲ. ತುಂಬಾ ಜನಕ್ಕೆ ಅದೇ ಸರಿ. ಆದರೆ ಇಷ್ಟು ಎದೆಯುರಿ ಇರೋರಿಗೆ ಅದು ಇನ್ನೂ ಜಾಸ್ತಿ ಆಗೋ ಸಾಧ್ಯತೆ ಇದೆ. ಬೈಪಾಸ್ ಆದ್ರೆ ಅದು ಕಮ್ಮಿ ಆಗುತ್ತೆ, ನಿಮ್ಮ ಶುಗರ್‌ಗೂ ಒಳ್ಳೇದು. ಆದರೆ ಅದು ದೊಡ್ಡ ಆಪರೇಷನ್. ವಿಟಮಿನ್ ಮಾತ್ರೆ ಬದುಕಿರೋವರೆಗೂ ತಗೋಬೇಕು. ಮರೆಯೋರಿಗೆ ನಾನು ಮಾಡಲ್ಲ. ಯೋಚನೆ ಮಾಡಿ, ನೀವೇ ಹೇಳಿ.”

ನನಗೆ ಸಿಟ್ಟು ಬಂತು. ಹಲ್ಲು ಕೀಳುವವರು ಯಾವ ಹಲ್ಲು ಅಂತ ನಮ್ಮನ್ನು ಕೇಳುತ್ತಾರಾ? ಮನೆಗೆ ಬಂದು ಯಜಮಾನರನ್ನು ಕೇಳಿದೆ, “ನೀವೇನಂತೀರಿ?”

“ನಾನು ಹೇಳಲ್ಲ,” ಅಂದರು. “ನಿನ್ನ ಹೊಟ್ಟೆ. ನಾಳೆ ಒಂದು ತುತ್ತು ಇಳೀಲಿಲ್ಲ ಅಂದ್ರೆ ‘ಇವರ ಮಾತು ಕೇಳಿ ಹಿಂಗಾಯ್ತು’ ಅಂತ ನಿಂಗನ್ನಿಸ್ಬಾರ್ದು. ಯಾವ್ದು ಹೇಳ್ತೀಯೋ ಅದಕ್ಕೆ ನಾನು ಜೊತೇಲಿರ್ತೀನಿ.”

ಆ ವಾರವೆಲ್ಲ ಹುರುಳಿಕಾಳು ಆರಿಸುತ್ತಾ, ಸೊಪ್ಪು ಬಿಡಿಸುತ್ತಾ ಅದನ್ನೇ ಯೋಚನೆ ಮಾಡಿದೆ. ಸ್ಲೀವ್ ಆದರೆ ಭಯ ಕಮ್ಮಿ. ಬೈಪಾಸ್ ಆದರೆ ಉರಿ ಕಮ್ಮಿ. ಭಯ ಸ್ವಲ್ಪ ದಿನದ್ದು, ಉರಿ ದಿನಾ ಇರುವಂಥದ್ದು. ಮುಂದಿನ ಸಲ ಹೋದಾಗ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದೆ. “ಯಾವುದು ಮಾಡಿಸ್ಕೊಂಡ್ರೆ ನಾನು ಮತ್ತೆ ಒಲೆ ಮುಂದೆ ನಿಲ್ಲಬಹುದು ಸಾರ್?”

“ಎರಡರಲ್ಲೂ ನಿಲ್ಲಬಹುದು. ಒಂದರಲ್ಲಿ ಎದೆಯುರಿ ಇಟ್ಕೊಂಡು ನಿಲ್ಲಬೇಕಾಗಬಹುದು.”

“ಹಂಗಾದ್ರೆ ಬೈಪಾಸೇ ಮಾಡಿ.”

“ಮಾತ್ರೆ ಮರೀತೀರಾ?”

“ಇಷ್ಟು ವರ್ಷದಲ್ಲಿ ಒಂದು ಸಂಜೆ ಕಾಳು ನೆನೆಹಾಕೋದು ಮರೆತಿಲ್ಲ ಸಾರ್,” ಅಂದೆ. ಅವರು ಮೊದಲ ಸಲ ನಕ್ಕರು.

ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ನೀರಿನಂಥ ಆಹಾರ. ಅದೂ ಎಲ್ಲರಿಗೂ ಅಡುಗೆ ಮಾಡುತ್ತಾ! ಒಗ್ಗರಣೆ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಉಪ್ಪು ನೋಡಲು ಚಮಚ ಎತ್ತಿದ ಕೂಡಲೇ ಯಲ್ಲವ್ವ ಕೈಯಿಂದ ಕಸಿದುಕೊಳ್ಳುತ್ತಿದ್ದಳು. “ಅಕ್ಕಾರ, ನೀವು ವಾಸನಿ ನೋಡಿ ಹೇಳ್ರಿ, ರುಚಿ ನಾ ನೋಡ್ತೀನಿ.” ಹಾಗೆ ನಾನು ಸಾರಿನ ವಾಸನೆಯಲ್ಲೇ ಉಪ್ಪು ಹುಳಿ ಹೇಳುವುದನ್ನು ಕಲಿತೆ. ನಂಬಿದರೆ ನಂಬಿ, ಹೆಚ್ಚು ಸಲ ಸರಿ ಇರುತ್ತಿತ್ತು. ತಪ್ಪಿದ ದಿನ ಊಟಕ್ಕೆ ಬಂದವರು ಉಪ್ಪು ಕೇಳಿ ಹಾಕಿಕೊಂಡರು, ಯಾರೂ ಗೊಣಗಲಿಲ್ಲ.

ಆಸ್ಪತ್ರೆಗೆ ಹೊರಡುವ ದಿನ ಅತ್ತೆ ಬಾಗಿಲಲ್ಲಿ ಹಣೆಗೆ ಕುಂಕುಮ ಇಟ್ಟು, “ನಾ ಸಾಕಿದ್ದ ಸೊಸೆ ಅಂಗೇ ವಾಪಸ್ ಬರ್ಬೇಕು,” ಅಂದರು. “ಅಂಗೇ ಬಂದ್ರೆ ಆಪರೇಷನ್ ಯಾಕಮ್ಮ?” ಅಂತ ಯಜಮಾನರು ಅಂದದ್ದಕ್ಕೆ ಅವರಿಗೂ ನಗು ಬಂತು, ಸೆರಗು ಬಾಯಿಗೆ ಅಡ್ಡ ಹಿಡಿದರು.

ಆಪರೇಷನ್ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಭುಜದಲ್ಲಿ ನೋವು. ಹೊಟ್ಟೆ ಕುಯ್ದರೆ ಭುಜ ಯಾಕೆ ನೋಯುತ್ತದೆ ಅಂತ ಗಾಬರಿಯಾಯಿತು. ಒಳಗೆ ತುಂಬಿದ ಗಾಳಿಯಿಂದ ಹಾಗಾಗುತ್ತೆ, ಎದ್ದು ನಡೆದರೆ ಹೋಗುತ್ತೆ ಅಂತ ನರ್ಸ್ ಹೇಳಿದಳು. ಅವಳು ಕೇರಳದವಳು, ಮುರುಕು ಕನ್ನಡ. “ಅಮ್ಮ, ಸ್ವಲ್ಪ ವಾಕಿಂಗ್, ಸ್ವಲ್ಪ ವಾಕಿಂಗ್,” ಅಂತ ನನ್ನ ತೋಳು ಹಿಡಿದು ವಾರ್ಡಿನ ಉದ್ದಕ್ಕೂ ನಡೆಸಿದಳು. ನನ್ನ ಇಷ್ಟು ದೇಹವನ್ನು ಅಷ್ಟು ಸಣ್ಣ ಹುಡುಗಿ ಹಿಡಿದುಕೊಂಡಿದ್ದಾಳೆ, ಬಿದ್ದರೆ ಇಬ್ಬರೂ ಹೋದೆವು ಅಂತ ನಾನು ಹೇಳಿದರೆ, “ನಾನು ಬೀಳಲ್ಲ ಅಮ್ಮ, ನನಗೆ ಅಭ್ಯಾಸ,” ಅಂದಳು.

ಮಾರನೇ ದಿನ ಔಷಧಿ ಕೊಡುವ ಪುಟ್ಟ ಬಟ್ಟಲಿನಲ್ಲಿ ನೀರು ಕೊಟ್ಟರು. ಗುಟುಕು ಗುಟುಕಾಗಿ ಕುಡಿಯಬೇಕು, ಗಟಗಟ ಅಲ್ಲ. ಆ ಒಂದು ಬಟ್ಟಲು ಮುಗಿಸಲು ನನಗೆ ಬಹಳ ಹೊತ್ತು ಬೇಕಾಯಿತು. ನೀರಿಗೆ ರುಚಿ ಇದೆ ಅಂತ ನನಗೆ ನಲವತ್ತೊಂದು ವರ್ಷಕ್ಕೆ ಗೊತ್ತಾಯಿತು.

ಮನೆಗೆ ಬಂದ ಮೇಲೆ ಗಂಜಿ ತಿಳಿ, ಬೇಳೆ ಕಟ್ಟು, ಮಜ್ಜಿಗೆ. ಆಮೇಲೆ ನುಣ್ಣಗೆ ಅರೆದದ್ದು. ಆಮೇಲೆ ಮೆತ್ತನೆಯದು. ಕೂಸಿಗೆ ಅನ್ನ ಕಲಿಸುವ ಹಾಗೆ ಒಂದೊಂದೇ ಮೆಟ್ಟಿಲು. ಆಸ್ಪತ್ರೆಯ ಡಯಟಿಷಿಯನ್ ಹೇಳಿದ್ದು ಇಷ್ಟು: ಬಾಯಲ್ಲಿ ಹಿಟ್ಟಾಗುವ ತನಕ ಅಗಿಯಿರಿ, ಊಟದ ಜೊತೆ ನೀರು ಬೇಡ, ಮೊದಲು ಮೊಟ್ಟೆ, ಕಾಳು, ಮೀನು, ಆಮೇಲೆ ಉಳಿದದ್ದು.

ಕಷ್ಟ ಬಂದದ್ದು ಅಲ್ಲೇ. ನಾವು ಮುದ್ದೆ ಉಣ್ಣುವ ಜನ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ಸಾರಲ್ಲಿ ಅದ್ದಿ ನುಂಗುವುದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಅಗಿದದ್ದಕ್ಕೆ ಅಮ್ಮನ ಹತ್ತಿರ ಏಟು ತಿಂದ ನೆನಪು ನನಗಿದೆ. ಅನ್ನವನ್ನೂ ನಾನು ಮುದ್ದೆಯ ಹಾಗೆ ನುಂಗುತ್ತಿದ್ದೆ ಅಂತ ಗೊತ್ತಾದದ್ದು ಆಗಲೇ. ಒಂದು ದಿನ, ಯಾರೂ ನೋಡದಿದ್ದಾಗ, ಸೊಪ್ಪಿನ ಸಾರಿನಲ್ಲಿ ಹೆಬ್ಬೆರಳಿನಷ್ಟು ಮುದ್ದೆ ಅದ್ದಿ ಹಳೆಯ ಅಭ್ಯಾಸದಂತೆ ನುಂಗಿಬಿಟ್ಟೆ. ಎದೆಯ ನಡುವೆ ಕಲ್ಲು ಕೂತ ಹಾಗಾಯಿತು. ಕೂರಲಾಗದು, ನಿಲ್ಲಲಾಗದು, ಬಾಯಲ್ಲಿ ಬರೀ ನೊರೆ. ಕೊನೆಗೆ ವಾಂತಿಯಾಗಿ ಹೊರಬಂತು. ಬಚ್ಚಲ ಗೋಡೆ ಹಿಡಿದು ನಿಂತು, ಇದೇನು ಮಾಡಿಕೊಂಡೆ, ಇನ್ನು ಜನ್ಮದಲ್ಲಿ ಮುದ್ದೆ ಇಲ್ಲವಾ ಅಂತ ಬಿಕ್ಕಿ ಬಿಕ್ಕಿ ಅತ್ತೆ. ಬೈಪಾಸಿನ ಭಯದ ದಿನಗಳಲ್ಲಿ ಅಷ್ಟು ಅತ್ತಿರಲಿಲ್ಲ.

ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರಲು ಶುರುವಾಯಿತು, ಬಾಚಣಿಗೆ ತುಂಬಾ. ಹೀಗಾಗುತ್ತದೆ, ಮತ್ತೆ ಬರುತ್ತದೆ ಅಂತ ಮೊದಲೇ ಹೇಳಿದ್ದರು. ಹೇಳಿದ್ದರೂ ಕೈಗೆ ಬಂದಾಗ ಬೇರೆ. ತೂಕ ಇಳಿಯುತ್ತಿತ್ತು, ಮುಖ ಬಾಡಿತ್ತು. ಊರಲ್ಲಿ ನನಗೆ ದೊಡ್ಡ ಕಾಯಿಲೆ ಅಂತ ಸುದ್ದಿ ಹಬ್ಬಿತು. ಅತ್ತೆಗೆ ಅದನ್ನು ತಡೆಯಲಾಗಲಿಲ್ಲ. ಯುಗಾದಿಯ ದಿನ ಅವರು ತಮ್ಮ ಕೈಯಾರೆ ಒಬ್ಬಟ್ಟು ತಟ್ಟಿ, ಮೇಲೆ ತುಪ್ಪ ಹಾಕಿ, ನನ್ನ ಮುಂದೆ ಹಿಡಿದರು.

“ಒಂದೇ ಒಂದು. ವರ್ಷದ ಅಬ್ಬ. ಒಣಗೋಗಿದ್ದೀಯ ಕಣವ್ವ, ನೋಡಾಕಾಗಾಕಿಲ್ಲ.”

ಬೇಡ ಅನ್ನಲಾಗಲಿಲ್ಲ. ಅರ್ಧ ತಿಂದೆ. ಚೆನ್ನಾಗಿ ಅಗಿದೇ ತಿಂದೆ, ರುಚಿಯೂ ಇತ್ತು. ಸ್ವಲ್ಪ ಹೊತ್ತಿಗೆ ಎದೆ ಡವಡವ ಅನ್ನತೊಡಗಿತು. ಮೈಯೆಲ್ಲ ಬೆವರು, ಕೈಕಾಲು ನಡುಕ, ಕಣ್ಣು ಕತ್ತಲೆ. ನೆಲದ ಮೇಲೆ ಮಲಗಿಬಿಟ್ಟೆ. ಅತ್ತೆ ಹೆದರಿ ಕೂಗಿಕೊಂಡರು, ಮೆಣಸಿನಕಾಯಿ ಉಪ್ಪು ತಂದು ದೃಷ್ಟಿ ತೆಗೆಯಲು ಹೊರಟರು. ಚೈತ್ರ ಅವರ ಕೈ ಹಿಡಿದು ಕೂರಿಸಿದಳು. “ಅಜ್ಜಿ, ದೃಷ್ಟಿ ಅಲ್ಲ. ಸಿಹಿ ನೇರವಾಗಿ ಕರುಳಿಗೆ ಇಳಿದುಬಿಡುತ್ತೆ, ಅದಕ್ಕೇ ಹಿಂಗೆ. ಮಲಗಿದ್ರೆ ಸರಿ ಹೋಗುತ್ತೆ.”

ಸರಿ ಹೋಯಿತು. ನಾನು ಎದ್ದು ಕೂತಾಗ ಅತ್ತೆ ನನ್ನ ಕಾಲ ಬಳಿಯೇ ಕೂತಿದ್ದರು. “ನಾನೇ ಕೊಂದಾಕ್ಬುಡ್ತಿದ್ನಲ್ಲವ್ವ,” ಅಂದರು. ಕೊಲ್ಲುವಂಥದ್ದೇನಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವರು ರಾಗಿ ಹಿಟ್ಟಿನ ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ, ಸಣ್ಣ ಲೋಟದಲ್ಲಿ ತಂದಿಟ್ಟರು. “ಮುದ್ದೆ ಓಗ್ಲಿ ಬುಡು. ರಾಗಿ ರಾಗೀನೆ ಅಲ್ವಾ? ಮೆಲ್ಲಕೆ ಕುಡಿ.” ಗುಟುಕು ಗುಟುಕಾಗಿ ಕುಡಿದೆ. ತಣ್ಣಗೆ ಇಳಿಯಿತು. ರಾಗಿ ನನ್ನನ್ನು ಬಿಟ್ಟು ಹೋಗಿಲ್ಲ ಅನ್ನಿಸಿದ ಮೇಲೆ ನನ್ನ ದುಃಖ ಕಮ್ಮಿಯಾಯಿತು.

ಅಲ್ಲಿಂದ ಮುಂದೆ ದಿನಗಳು ಸರಾಗವಾದವು. ನಾನು ಮೊದಲ ಸಲ ಕೂತು ಉಣ್ಣಲು ಕಲಿತೆ. ಮಧ್ಯಾಹ್ನ ಗಿರಾಕಿಗಳು ಬರುವ ಮುಂಚೆ ಒಂದು ಸಣ್ಣ ತಟ್ಟೆ, ಒಂದು ಮೊಟ್ಟೆ, ಎರಡು ಚಮಚ ಕಾಳಿನ ಪಲ್ಯ. ಅಷ್ಟನ್ನೇ ನಿಧಾನವಾಗಿ ತಿನ್ನುವಾಗ ಕೊತ್ತಂಬರಿ, ಬೆಳ್ಳುಳ್ಳಿ, ಹುರುಳಿಯ ರುಚಿ ಒಂದೊಂದಾಗಿ ನಾಲಿಗೆಗೆ ಬರುತ್ತಿತ್ತು. ಇಷ್ಟು ವರ್ಷ ನನ್ನ ಅಡುಗೆಯನ್ನು ಎಲ್ಲರೂ ಹೊಗಳುತ್ತಿದ್ದರು. ಯಾಕೆ ಹೊಗಳುತ್ತಿದ್ದರು ಅಂತ ನನಗೆ ಗೊತ್ತಾದದ್ದು ಆಗ.

ಪಾತ್ರೆಯ ತಳದಲ್ಲಿ ಉಳಿದದ್ದನ್ನು ಏನು ಮಾಡುವುದು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಯಲ್ಲವ್ವನೇ ಒಂದು ದಿನ ಹೇಳಿದಳು, “ಅಕ್ಕಾರ, ಉಳಿಯೂದು ಯಾಕ ಮಾಡಬೇಕ್ರೀ? ಕಮ್ಮಿ ಮಾಡೂಣು.” ನಮ್ಮ ಮನೆ ಬಾಗಿಲಿಗೆ ಬಂದವರಿಗೆ ಊಟ ಇಲ್ಲ ಅನ್ನುವುದಾ? ಆದರೂ ಒಪ್ಪಿದೆ. ಒಂದು ಮಧ್ಯಾಹ್ನ ಕೊನೆಯಲ್ಲಿ ಬಂದ ಇಬ್ಬರಿಗೆ ನಾನೇ ಬಾಗಿಲಿಗೆ ಹೋಗಿ, “ಮುಗೀತಪ್ಪ, ಸಾರು ಖಾಲಿ,” ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವರು ಬೈದುಕೊಂಡು ಹೋಗುತ್ತಾರೆ ಅಂತ ಕಾದೆ. “ಪರವಾಗಿಲ್ಲಕ್ಕ, ನಾಳೆ ಬೇಗ ಬರ್ತೀವಿ,” ಅಂತ ಹೇಳಿ ಹೋದರು. ಒಳಗೆ ಬಂದು ಖಾಲಿ ಪಾತ್ರೆ ನೋಡಿದೆ. ತಳ ಹೊಳೆಯುತ್ತಿತ್ತು.

ಈಗ ನಾನು ತೆಳ್ಳಗಿನ ಹೆಂಗಸೇನಲ್ಲ, ನಮ್ಮ ಕಡೆಯವರು ‘ಮೈಕಟ್ಟು ಚೆನ್ನಾಗಿದೆ’ ಅನ್ನುವಂಥವಳು. ಶುಗರ್ ಮಾತ್ರೆ ಒಂದಕ್ಕಿಳಿದು, ಆಮೇಲೆ ಅದೂ ನಿಂತಿತು. ವಿಟಮಿನ್ ಮಾತ್ರೆ ತಪ್ಪಿಸುವುದಿಲ್ಲ, ಆಗಾಗ ರಕ್ತ ಪರೀಕ್ಷೆಗೆ ಹೋಗುತ್ತೇನೆ. ಎದೆಯುರಿ ಇಲ್ಲ, ಮಲಗಲು ಒಂದೇ ದಿಂಬು ಸಾಕು. ಯಜಮಾನರು ರಾತ್ರಿಯೆಲ್ಲ ನಿದ್ದೆ ಮಾಡುತ್ತಾರೆ. ಈಗ ಗೊರಕೆ ಅವರದು. ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ನನಗೆ ಸರಿಹೋದದ್ದು ನಿಮಗೆ ಸರಿಹೋಗಬೇಕು ಅಂತಿಲ್ಲ. ಆ ಲಾರಿಯವರಿಗೆ ಸ್ಲೀವ್ ಸರಿಯಾಗಿತ್ತು. ಶರ್ಮಿಳಾ ಮೇಡಂ ಬ್ಯಾಂಡ್ ತೆಗೆಸಿ ಬೇರೆ ದಾರಿ ಹಿಡಿದರು, ಚೆನ್ನಾಗಿದ್ದಾರೆ. ಕುಯ್ಯುವ ಡಾಕ್ಟರು ನಮ್ಮನ್ನು ಯಾಕೆ ಕೇಳುತ್ತಾರೆ ಅಂತ ನನಗೆ ಅವತ್ತು ಸಿಟ್ಟು ಬಂದಿತ್ತು. ಆಪರೇಷನ್ ಅವರದು ಒಂದು ಬೆಳಿಗ್ಗೆ, ಊಟ ನಮ್ಮದು ದಿನಾ. ಅದಕ್ಕೇ ಕೇಳುತ್ತಾರೆ.

ಹೋದ ವರ್ಷ ನಮ್ಮ ನಾದಿನಿಯ ಮಗನ ಮದುವೆಯ ಬೀಗರೂಟಕ್ಕೆ ಹೋಗಿದ್ದೆವು. ಬೀಗರೂಟ ಅಂದರೆ ಗೊತ್ತಲ್ಲ, ಎಲೆ ತುಂಬಾ ಬಾಡು, ಬಡಿಸುವವರ ಜೋರು, ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ನನ್ನ ಪಕ್ಕ ಅತ್ತೆ ಕೂತಿದ್ದರು. ಆ ಸಾಲಿಗೆಲ್ಲ ಅವರೇ ಹಿರಿಯರು. ಅವರು ಏಳುವ ತನಕ ಯಾರೂ ಏಳುವಂತಿಲ್ಲ, ಅವರು ಎದ್ದರೆ ಎಲ್ಲರೂ ಏಳಬೇಕು.

ನನ್ನ ಎಲೆಯಲ್ಲಿ ಎರಡು ತುಂಡು, ಸ್ವಲ್ಪ ಸಾರು. ಬಡಿಸುವವನು ಎರಡು ಸಲ ಬಂದು, “ಏನಕ್ಕ, ಚೆನ್ನಾಗಿಲ್ವಾ?” ಅಂತ ಕೇಳಿ ಹೋದ. ಚೆನ್ನಾಗಿತ್ತು, ಅದಕ್ಕೇ ನಿಧಾನವಾಗಿ ತಿನ್ನುತ್ತಿದ್ದೆ. ಅಷ್ಟರಲ್ಲಿ ಸಾಲಿನ ಎಲ್ಲರದೂ ಮುಗಿದು ಎಲೆ ಮಡಿಸಿದ್ದರು. ಅತ್ತೆಯ ಕೈ ಒಣಗಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ನಾನು ಎಲೆ ಮಡಿಸಲು ಕೈ ಹಾಕಿದೆ.

ಅತ್ತೆ ನನ್ನ ಕೈ ಹಿಡಿದರು.

ಹಿಂದೆ ನಿಂತಿದ್ದ ಬೀಗರ ಕಡೆಯವರೊಬ್ಬರು, “ಏಳಜ್ಜಿ, ಜನ ಕಾಯ್ತಾವ್ರೆ,” ಅಂದರು.

ಅತ್ತೆ ತಿರುಗಿಯೂ ನೋಡಲಿಲ್ಲ. ಬಡಿಸುವವನನ್ನು ಕರೆದು ತಮ್ಮ ಮಡಿಸಿದ ಎಲೆ ಬಿಚ್ಚಿ ತೋರಿಸಿದರು. “ಇಲ್ಲಿಗೊಂದಿಷ್ಟು ಮಜ್ಜಿಗೆ ಬುಡಪ್ಪ,” ಅಂದರು. ಆಮೇಲೆ ಇಡೀ ಸಾಲಿಗೆ ಕೇಳಿಸುವ ಹಾಗೆ, “ಕಾಯ್ಲಿ. ನನ್ ಸೊಸೆ ಉಣ್ತಾವ್ಳೆ,” ಅಂದರು.

ಸಾಲಿನಲ್ಲಿ ಒಬ್ಬರೂ ಏಳಲಿಲ್ಲ.